ಏರಿನ ತುದಿಯಲ್ಲಿ ನಿಂತವರು

ಹೊಸದಾಗಿ ಸ್ಟೇರಿಂಗ್ ಹಿಡಿದ ಹುಡುಗರು, ಈಗ ಹುಡುಗಿಯರೂ, ಆಗಾಗ ಬೀದರದ ಅಂಚಿನ ನೌಬಾದದಲ್ಲಿರುವ ನಮ್ಮ ಮನೆಗೆ ಬರುತ್ತಾರೆ. ಚಹಾ ಬರುವ ಮೊದಲೇ ಕೇಳುತ್ತಾರೆ: "ಮಾಸ್ತರ್ರ, ಡೀಸೆಲ್ ಉಳಸೋದು ಹ್ಯಾಂಗ್ರೀ? ಒಂದ್ ಮಾತಿನ್ಯಾಗ ಹೇಳಿಬಿಡ್ರಿ." ಒಂದು ಮಾತಿನಲ್ಲಿ ಹೇಳಲು ಬರುವಂತಿದ್ದರೆ ನನಗೆ ಅಷ್ಟು ವರ್ಷ ಸಂಬಳ ಯಾಕೆ ಕೊಡುತ್ತಿದ್ದರು? ನಾನು ಮೊದಲು ಬಸ್ಸಿನ ಡ್ರೈವರ್, ಆಮೇಲೆ ಡ್ರೈವರುಗಳಿಗೆ ಡೀಸೆಲ್ ಉಳಿಸಿ ಓಡಿಸುವುದನ್ನು ಕಲಿಸುವ ಮಾಸ್ತರ. ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಹಾರ ಹಾಕಿದವರಿಗೇ ಅದು ನೆನಪಿಲ್ಲ. ನಾನು ಕಣ್ಣರಳಿಸಿ ನೋಡಿದ್ದನ್ನು, ಮುಖ ಕೆಳಗೆ ಹಾಕಿದ್ದನ್ನು ಮಾತ್ರ ಬರೆಯುತ್ತೇನೆ. ಇವೆರಡೂ ನನ್ನ ಬಾಳಿನಲ್ಲಿ ಒಟ್ಟೊಟ್ಟಿಗೇ ಬಂದಿವೆ.

ನಾನು ಖಟಕ ಚಿಂಚೋಳಿಯವನು. ನನ್ನ ಮೊದಲ ರೂಟು ಭಾಲ್ಕಿಯಿಂದ ನಮ್ಮೂರಿನ ಮೇಲೆಯೇ ಹೋಗುತ್ತಿತ್ತು. ಆ ಕಾಲದಲ್ಲಿ ಒಳ್ಳೆಯ ಡ್ರೈವರ್ ಅಂದರೆ ಗಾಡಿಯನ್ನು ಗುಡುಗಿಸುವವನು. ನಾನೂ ಹಾಗೇ ಗುಡುಗಿಸುತ್ತಿದ್ದೆ. ಊರು ಹತ್ತಿರ ಬಂದ ಕೂಡಲೇ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿಬಿಡುತ್ತಿದ್ದೆ. ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಸಂಜೆ ಹೇಳುತ್ತಿದ್ದಳು: "ನಿನ್ನ ಗಾಡಿ ಬಂದಿದ್ದು ಕೇಳ್ತಪಾ, ನಮ್ಮ ಎಮ್ಮಿ ಸುದ್ದಾ ಕಿವಿ ಎತ್ತಿ ನಿಂತು." ಅದು ಹೊಗಳಿಕೆ ಎಂದೇ ನಾನು ನಂಬಿದ್ದೆ. ಎಷ್ಟು ಡೀಸೆಲ್ಲನ್ನು ಬರೀ ಸದ್ದು ಮಾಡಲಿಕ್ಕೆ ಸುಟ್ಟಿದ್ದೇನೋ ಲೆಕ್ಕವಿಲ್ಲ.

ನನ್ನ ಕಣ್ಣು ತೆರೆಸಿದ್ದು ಒಂದು ಡಬ್ಬಿ. ದಕ್ಷಿಣದ ಕಡೆಯಿಂದ ಒಬ್ಬ ತರಬೇತಿ ಅಧಿಕಾರಿ ಬಂದಿದ್ದರು. ಸಣ್ಣ ದನಿಯ, ತೆಳ್ಳಗಿನ ಮನುಷ್ಯ. ಒಳಗಿದ್ದದ್ದು ಕಾಣುವಂತಹ, ಮೈತುಂಬ ಗೆರೆ ಹಾಕಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಡ್ರೈವರ್ ಸೀಟಿನ ಪಕ್ಕದಲ್ಲಿ ಗಟ್ಟಿಯಾಗಿ ಕಟ್ಟಿ, ಟ್ಯಾಂಕಿನ ದಾರಿ ಮುಚ್ಚಿ, ಅದರೊಳಗಿನ ಡೀಸೆಲ್ಲೇ ನಳಿಕೆಯಿಂದ ಎಂಜಿನ್ನಿಗೆ ಹೋಗುವಂತೆ ಮಾಡಿದರು. ನಮ್ಮವರು ಅದಕ್ಕೆ ಅಂದೇ 'ಸಲಾಯಿನ್ ಬಾಟ್ಲಿ' ಎಂದು ಹೆಸರಿಟ್ಟರು. ಅಧಿಕಾರಿ ನನಗೆ ಬೂಟು ಬಿಚ್ಚಿಸಿದರು. ಬರಿಗಾಲಲ್ಲಿ ಓಡಿಸು, ಕಾಲಿಗೆ ತಾನು ಏನು ಮಾಡುತ್ತಿದೆ ಎಂದು ತಿಳಿಯಲಿ ಅಂದರು. ನಾನು ಅಭ್ಯಾಸದಂತೆ ಒಮ್ಮೆ ಜೋರಾಗಿ ತುಳಿದೆ. ಡಬ್ಬಿಯಲ್ಲಿ ಡೀಸೆಲ್ ಕಣ್ಣೆದುರೇ ಒಂದು ಗೆರೆ ಕೆಳಗಿಳಿಯಿತು. ಯಾರೋ ನನ್ನ ತಾಟಿನಿಂದ ರೊಟ್ಟಿ ಎಳೆದುಕೊಂಡ ಹಾಗಾಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಝುಮ್ಮೆನ್ನುತ್ತದೆ. ಬೀದರದಿಂದ ಮಾಂಜ್ರಾ ನದಿಯ ಕಡೆಗೆ ದಾರಿ ಇಳಿಯುತ್ತದೆ. ಅಲ್ಲಿ ಗಾಡಿ ಗೇರಿನಲ್ಲೇ ಇರುವಾಗ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆಯಲು ಅವರು ಹೇಳಿದರು. ತೆಗೆದೆ. ಬಸ್ಸು ಓಡುತ್ತಿತ್ತು, ಡಬ್ಬಿಯಲ್ಲಿ ಡೀಸೆಲ್ ನಿಂತೇ ಇತ್ತು. ಅಷ್ಟು ದೊಡ್ಡ ಕಬ್ಬಿಣದ ಗಾಡಿ ಹೋಗುತ್ತಲೇ ಇದೆ, ಒಂದು ಹನಿಯೂ ಇಳಿಯುತ್ತಿಲ್ಲ! ನಾನು ರಸ್ತೆ ಬಿಟ್ಟು ಡಬ್ಬಿಯನ್ನೇ ನೋಡತೊಡಗಿದ್ದಕ್ಕೆ ಅವರು ಭುಜಕ್ಕೆ ಒಂದು ಬಿಟ್ಟರು. "ಈಗ ನ್ಯೂಟ್ರಲ್ ಮಾಡಿ ನೋಡಿ," ಅಂದರು. ನ್ಯೂಟ್ರಲ್ ಮಾಡಿದ ಕೂಡಲೇ ಡೀಸೆಲ್ ಮತ್ತೆ ನಿಧಾನವಾಗಿ ಇಳಿಯತೊಡಗಿತು. ಗೇರಿನಲ್ಲಿದ್ದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ, ಅದಕ್ಕೆ ಊಟ ಬೇಕಿಲ್ಲ. ನ್ಯೂಟ್ರಲ್‌ನಲ್ಲಿ ಅದು ತನ್ನಷ್ಟಕ್ಕೆ ತಾನು ತಿರುಗಬೇಕು, ಊಟ ಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂದು ನಮ್ಮ ಅರ್ಧ ಡಿಪೋ ನಂಬಿತ್ತು. ಬ್ರೇಕಿನ ಮೇಲೆ ಹಿಡಿತ ತಪ್ಪಿ ಜೀವಕ್ಕೆ ಕುತ್ತು ಬರುವುದು ಒಂದು ಕಡೆ, ಉಳಿತಾಯವೂ ಸುಳ್ಳು. ಅಂದೇ ನಾನು ಈ ವಿದ್ಯೆಗೆ ಮಾರುಹೋದೆ. ನ್ಯೂಟ್ರಲ್ಲಿನ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಿ. ನಾನು ಹಿಡಿದುಕೊಳ್ಳಲಿಲ್ಲ, ಅದಕ್ಕೇ ಈ ಬರಹ.

ಮಾಸ್ತರನಾದ ಹೊಸದರಲ್ಲಿ ನನ್ನ ಹುರುಪು ಹೇಳತೀರದು. ಭಾಲ್ಕಿಯ ರೈಲ್ವೆ ಗೇಟು ಬಿದ್ದಾಗ ಎಲ್ಲರೂ ಎಂಜಿನ್ ಬಂದ್ ಮಾಡತಕ್ಕದ್ದು ಎಂದು ಪಾಠ ಹೇಳಿದೆ. ಪಾಠ ಸರಿಯಿತ್ತು. ಆದರೆ ನಮ್ಮ ಹಳೆಯ ಗಾಡಿಗಳ ಬ್ಯಾಟರಿ ಹೇಗಿವೆ ಎಂದು ನಾನು ನೋಡಿರಲಿಲ್ಲ. ಒಂದು ದಿನ ನಾನೇ ಕೂತಿದ್ದ ಬಸ್ಸಿನಲ್ಲಿ ಮದುವೆಯ ದಿಬ್ಬಣ ತುಂಬಿತ್ತು. ಗೇಟು ಬಿತ್ತು, ಎಂಜಿನ್ ಬಂದ್ ಆಯಿತು. ರೈಲು ಹೋಯಿತು, ಗೇಟು ಎದ್ದಿತು, ಗಾಡಿ ಮಾತ್ರ ಕೆಮ್ಮಿ ಸುಮ್ಮನಾಯಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಹಾರ್ನೋ ಹಾರ್ನು. ಕೊನೆಗೆ ಬೀಗರೆಲ್ಲ ಇಳಿದು ತಳ್ಳಿದರು. ರೇಷ್ಮೆ ರುಮಾಲಿನ ಹಿರಿಯರೊಬ್ಬರು ಏದುಸಿರು ಬಿಡುತ್ತ ನನ್ನ ಹತ್ತಿರ ಬಂದು, "ಡೀಸೆಲ್ ಉಳೀತೇನ್ರಿ ಮಾಸ್ತರ್ರ? ನಮ್ಮ ಹುಡುಗನ ಅಕ್ಕಿಕಾಳಿನ ಮುಹೂರ್ತ ಮಾತ್ರ ಹೋಯ್ತು ನೋಡ್ರಿ," ಎಂದರು. ಮರುದಿನದಿಂದ ಪಾಠಕ್ಕೆ ಮೊದಲು ಬ್ಯಾಟರಿ ನೋಡುವುದನ್ನು ಕಲಿತೆ.

ಈಗಿನ ಗಾಡಿಗಳಲ್ಲಿ ಡಬ್ಬಿ ಬೇಕಿಲ್ಲ. ಎಂಜಿನ್ನಿಗೇ ಕಂಪ್ಯೂಟರ್ ಇದೆ, ಎಲ್ಲಿ ಒತ್ತಿ ತುಳಿದಿರಿ, ಎಲ್ಲಿ ಸುಮ್ಮನೆ ಬ್ರೇಕ್ ಹಾಕಿದಿರಿ ಎಂದು ಆಫೀಸಿನ ಪರದೆಯ ಮೇಲೆ ಚಾಡಿ ಹೇಳುತ್ತದೆ. ಬ್ಯಾಟರಿಯ ಬಸ್ಸುಗಳೂ ಬರುತ್ತಿವೆ. ಬರಲಿ, ನನಗೆ ಸಂತೋಷವೇ. ಆದರೆ ನಾನು ಕಂಡ ದೊಡ್ಡ ಸಂಗತಿಯನ್ನು ಕಂಪ್ಯೂಟರು ತೋರಿಸುತ್ತಿತ್ತೇ ಎಂಬ ಅನುಮಾನ ನನಗಿದೆ. ಕೇಳಿ.

ಬೀದರದ ನಮ್ಮ ಡಿಪೋದ ಗೋಡೆಗೆ ಒಂದು ಕರಿ ಹಲಗೆ ಇತ್ತು. ಯಾವ ಡ್ರೈವರಿಗೆ ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನಮ್ಮ ಮಾತಿನಲ್ಲಿ ಅದು 'ಆವರೇಜ್'. ಹಲಗೆಯ ಮೇಲ್ತುದಿಯಲ್ಲಿ ಯಾವಾಗಲೂ ಒಂದೇ ಹೆಸರು: ಮಸ್ತಾನ್ ಸಾಬ್. ಔರಾದ-ಬೀದರ ರೂಟಿನ ಡ್ರೈವರ್, ನನಗಿಂತ ಎರಡು ವರ್ಷ ದೊಡ್ಡವರು, ಮಾತು ಕಡಿಮೆ. ಎರಡನೆಯವನಿಗೂ ಅವರಿಗೂ ನಡುವೆ ಇದ್ದ ಅಂತರ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಹೌದು, ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇಕೆ? ಜಿಲ್ಲೆಗೆಲ್ಲ ಕಲಿಸುವ ಮಾಸ್ತರ ನಾನು. ಅದೇ ಗಾಡಿ, ಅದೇ ದಾರಿಯಲ್ಲಿ ನಾನೇ ಬರಿಗಾಲಲ್ಲಿ ಓಡಿಸಿದರೂ ಅವರ ಅಂಕಿ ಮುಟ್ಟಲು ಆಗಿರಲಿಲ್ಲ.

"ಮಸ್ತಾನ್ ಭಾಯ್, ಗುಟ್ಟೇನು?" ಎಂದು ಒಮ್ಮೆ ಕೇಳಿದ್ದೆ.

"ಗುಟ್ಟೇನಿಲ್ರಿ ಮಾಸ್ತರ್ರ. ಜನಾ ಛಲೋ ಅದಾರ," ಅಂದು ನಕ್ಕು ಹೋದರು. ಹಾರಿಕೆಯ ಉತ್ತರ ಅಂದುಕೊಂಡೆ.

ಆ ವರ್ಷ ನಮಗೆ ಹೊಸ ಡಿಪೋ ಮ್ಯಾನೇಜರ್ ಬಂದರು. ಸುಲೋಚನಾ ಮೇಡಂ, ವಯಸ್ಸಿನಲ್ಲಿ ನನ್ನ ಮಗಳಷ್ಟು, ನೋಟ ಮಾತ್ರ ಬಲು ಖಡಕ್. ಬಂದ ವಾರದಲ್ಲೇ ಹಲಗೆಯ ಮುಂದೆ ನಿಂತು, "ಮಾಸ್ತರ್, ಈ ನಂಬರ್ ಹ್ಯಾಂಗ್ ಬರ್ತದ? ಕಲಸೋರು ನೀವು, ನಿಮಗ ಗೊತ್ತಿರಬೇಕಲ್ಲ?" ಎಂದು ಕೇಳಿದರು. ಗೊತ್ತಿಲ್ಲ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. "ನೋಡಿ ಹೇಳ್ತೇನ್ರಿ," ಎಂದೆ.

ಔರಾದದ ದಾರಿಯಲ್ಲಿ ಒಂದು ಊರಿದೆ. ಹೆಸರು ಬರೆಯುವುದಿಲ್ಲ, ಆ ಊರಿನವರಿಗೆ ಹೆಸರಿನ ಹಂಬಲವಿಲ್ಲ. ರಸ್ತೆ ಅಲ್ಲಿ ಉದ್ದಕ್ಕೆ ಇಳಿದು, ಒಂದು ಹಳ್ಳದ ಸಣ್ಣ ಸೇತುವೆ ದಾಟಿ, ಮತ್ತೆ ತಿರುವಿನಲ್ಲಿ ಜೋರಾಗಿ ಏರುತ್ತದೆ. ಊರಿನ ಕಾಲುದಾರಿ ಬಂದು ಸೇರುವುದು ಸೇತುವೆಯ ಹತ್ತಿರ, ಬಸ್ ನಿಲ್ಲುವ ಕಂಬವೂ ಅಲ್ಲೇ. ಒಂದು ಮುಂಜಾನೆ ನಾನು ಮೋಟರ್ ಸೈಕಲ್ಲಿನಲ್ಲಿ ಹೋಗಿ ಸೇತುವೆಯ ಪಕ್ಕದ ಹುಣಸೆಮರದ ಹಿಂದೆ ನಿಂತೆ. ಮಸ್ತಾನ್ ಭಾಯ್ ಗಾಡಿ ಬೀದರದ ಕಡೆ ಹೊರಟು ಇಳಿಜಾರಿನಲ್ಲಿ ಬಂತು. ಎಂಜಿನ್ ಸದ್ದೇ ಇಲ್ಲ! ಗಾಳಿಯ ಸುಯ್ಯೆನ್ನುವ ಸದ್ದು ಮಾತ್ರ. ಕಂಬದ ಹತ್ತಿರ ಯಾರೂ ಇರಲಿಲ್ಲ, ಗಾಡಿ ನಿಲ್ಲಲೂ ಇಲ್ಲ. ಅದೇ ಓಟದಲ್ಲಿ ಸೇತುವೆ ದಾಟಿ ಅರ್ಧ ಏರು ಏರಿ, ಆಮೇಲೆ ಮೆಲ್ಲಗೆ ಎಂಜಿನ್ ದನಿ ಎತ್ತಿ ತಿರುವಿನಲ್ಲಿ ಮರೆಯಾಯಿತು. ನನ್ನ ಮನಸ್ಸು ಕುಣಿಯಿತು. ಸಿಕ್ಕಿತು, ನ್ಯೂಟ್ರಲ್! ತಿರುವಿನಾಚೆ ಏನಿದೆ ಎಂದು ಹತ್ತಿ ನೋಡುವ ತೊಂದರೆಯನ್ನೂ ನಾನು ತೆಗೆದುಕೊಳ್ಳಲಿಲ್ಲ. ಡಿಪೋಕ್ಕೆ ಬಂದು ಒಂದೇ ಸಾಲು ಬರೆದೆ: ಚಾಲಕರು ಇಳಿಜಾರಿನಲ್ಲಿ ವಾಹನವನ್ನು ನ್ಯೂಟ್ರಲ್‌ನಲ್ಲಿ ಓಡಿಸುತ್ತಿರುವುದನ್ನು ಖುದ್ದು ಕಂಡಿರುತ್ತೇನೆ.

ಖುದ್ದು ಕಂಡಿರುತ್ತೇನಂತೆ! ನಾನು ಕಂಡದ್ದು ಗಾಡಿಯ ಹೊರಮೈ ಅಷ್ಟೆ. ಗೇರಿನ ಕೋಲು ಎಲ್ಲಿತ್ತು ಎಂದು ಮರದ ಹಿಂದಿನಿಂದ ಯಾರಿಗೆ ಕಾಣುತ್ತದೆ?

ಪ್ರಯಾಣಿಕರನ್ನು ಕೂರಿಸಿಕೊಂಡು ನ್ಯೂಟ್ರಲ್‌ನಲ್ಲಿ ಇಳಿಸುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ. ಮೇಡಂ ಅಂದೇ ಅವರನ್ನು ಕರೆಸಿದರು. ನಾನೂ ಅಲ್ಲೇ ನಿಂತಿದ್ದೆ.

"ಮಸ್ತಾನ್ ಸಾಬ್, ನ್ಯೂಟ್ರಲ್ ಮಾಡಿದ್ದು ಖರೇ ಏನು?"

"ಇಲ್ರಿ ಮೇಡಂ."

"ಹಂಗಾದ್ರ ಇಷ್ಟು ಆವರೇಜ್ ಹ್ಯಾಂಗ್ ಬರ್ತದ, ಹೇಳ್ರಿ."

ಅವರು ನೆಲ ನೋಡಿದರು. "ಅದ್ ನಾ ಹೇಳ್ಲಾಕ ಬರಂಗಿಲ್ರಿ."

"ಹೇಳ್ಲಿಲ್ಲಂದ್ರ ವಿಚಾರಣಿ ಮುಗಿಯೋತನಾ ಸ್ಟೇರಿಂಗ್ ಸಿಗಂಗಿಲ್ಲ. ಗೊತ್ತದ ಅಲ್ಲ?"

"ಗೊತ್ತದ್ರಿ."

ಅವರ ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಒಂದೂ ಅಪಘಾತವಿಲ್ಲದ ಮನುಷ್ಯ. ಮರುದಿನದಿಂದ ಪೈಪು ಹಿಡಿದು ಬಸ್ ತೊಳೆಯುವ ಕಡೆ ನಿಂತರು. ವಿಚಾರಣೆ ಎಳೆಯುತ್ತ ಹೋದರೆ ಹಾಗೇ ಪೈಪು ಹಿಡಿದೇ ಮನೆಗೆ ಹೋಗುತ್ತಿದ್ದರು. ನಾನು ಎದುರಾದಾಗ ಸಲಾಂ ಮಾಡುವುದನ್ನು ಮಾತ್ರ ಬಿಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೇಡಂ ನನ್ನ ಒಂದು ಸಾಲಿಗೆ ತೃಪ್ತರಾಗಲಿಲ್ಲ. "ಇದಕ್ಕ ಸಬೂತ್ ಬೇಕು ಮಾಸ್ತರ್. ನಿಮ್ಮ ಸಲಾಯಿನ್ ಬಾಟ್ಲಿ ಕಟ್ಟಿ, ನ್ಯೂಟ್ರಲ್ ಮಾಡಿದ್ರ ಎಷ್ಟು ಉಳೀತದ ತೋರಸ್ರಿ," ಅಂದರು. ಬೇರೆ ಕೆಲಸಗಳ ನಡುವೆ ವಾರ ಕಳೆದು, ಒಂದು ಭಾನುವಾರ ಮಧ್ಯಾಹ್ನ ಖಾಲಿ ಗಾಡಿ ತೆಗೆದುಕೊಂಡು ಒಬ್ಬ ಮೆಕ್ಯಾನಿಕ್ಕನ ಜೊತೆ ಅದೇ ಇಳಿಜಾರಿಗೆ ಹೋದೆ. ಒಮ್ಮೆ ಗೇರಿನಲ್ಲಿ ಇಳಿಸಿದೆವು, ಡೀಸೆಲ್ ನಿಂತಿತು. ಒಮ್ಮೆ ನ್ಯೂಟ್ರಲ್ ಮಾಡಿದೆವು, ಡೀಸೆಲ್ ಇಳಿಯಿತು. ಗೆರೆ ನೋಡುತ್ತಿದ್ದ ಮೆಕ್ಯಾನಿಕ್ ತಲೆ ಎತ್ತಿ, "ಮಾಸ್ತರ್ರ, ಇದ್ ನೀವೇ ನಮಗ ಕಲಿಸಿದ್ದಲ್ರಿ?" ಅಂದ.

ನ್ಯೂಟ್ರಲ್‌ನಿಂದ ಆವರೇಜ್ ಬರುವುದೇ ಇಲ್ಲ. ಎಷ್ಟೋ ತರಗತಿಗಳಲ್ಲಿ ಗಂಟಲು ಹರಿದುಕೊಂಡು ಹೇಳಿದ ಪಾಠವನ್ನು, ಹೊಟ್ಟೆಕಿಚ್ಚು ಬಂದಾಗ ನಾನೇ ಮರೆತಿದ್ದೆ. ಮಸ್ತಾನ್ ಭಾಯ್ ನ್ಯೂಟ್ರಲ್ ಮಾಡಿಲ್ಲ. ಹಾಗಾದರೆ ಏನು ಮಾಡುತ್ತಾರೆ?

ಮರುದಿನ ಸೋಮವಾರ, ಅವರ ಮುಂಜಾನೆಯ ಟ್ರಿಪ್ಪನ್ನು ನಾನೇ ತೆಗೆದುಕೊಂಡೆ. ಅದೇ ಗಾಡಿ, ಅದೇ ಕಂಡಕ್ಟರ್, ಪಕ್ಕದಲ್ಲಿ ಡಬ್ಬಿ. ಔರಾದದಿಂದಲೇ ಬಸ್ಸು ತುಂಬಿತ್ತು. ಆ ಊರು ಬಂತು. ಇಳಿಜಾರು ಇಳಿದು ನಿಯಮದಂತೆ ಕಂಬದ ಹತ್ತಿರ ಬ್ರೇಕ್ ಹಾಕಿ ನಿಲ್ಲಿಸಿದೆ. ಯಾರೂ ಇಲ್ಲ. ಕಂಡಕ್ಟರ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ, ತುಟಿ ಪಿಟಕ್ ಎನ್ನಲಿಲ್ಲ. ಮತ್ತೆ ಮೊದಲ ಗೇರು ಹಾಕಿ ಎಳೆದೆ. ತುಂಬಿದ ಗಾಡಿ ನರಳಿತು, ಹೊಗೆ ಉಗುಳಿತು, ಡಬ್ಬಿಯಲ್ಲಿ ಗೆರೆಯ ಮೇಲೆ ಗೆರೆ ಇಳಿಯಿತು. ಅಂತೂ ತಿರುವು ದಾಟಿ ಏರಿನ ತುದಿ ಮುಟ್ಟಿದಾಗ ನನ್ನ ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು.

ಅಲ್ಲಿ, ಸಮತಟ್ಟಾದ ಜಾಗದಲ್ಲಿ, ಊರಿನ ಜನ ಸಾಲಾಗಿ ನಿಂತಿದ್ದರು. ಪುಂಡಿಪಲ್ಯ, ಮೆಂತೆ ಸೊಪ್ಪಿನ ಗಂಟು ಹೊತ್ತ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ಕೋಲೂರಿದ ಮುದುಕರು, ಒಟ್ಟು ಮೂವತ್ತಕ್ಕೆ ಕಡಿಮೆಯಿಲ್ಲ. ಎಲ್ಲರಿಗಿಂತ ಮುಂದೆ ನಿಂತ, ಹಣೆಯ ತುಂಬ ಬೆವರಿದ್ದ ಒಬ್ಬ ಹಿರಿಯ ಹೆಂಗಸು ನನ್ನ ಕಿಟಕಿಯ ಕೆಳಗೆ ಬಂದಳು. ಹೆಸರು ಸುಭದ್ರಾಬಾಯಿ ಎಂದು ಆಮೇಲೆ ಗೊತ್ತಾಯಿತು. ದಿನಾ ಬೀದರಕ್ಕೆ ಪಲ್ಯ ಮಾರಲು ಹೋಗುವವಳು.

"ಏ ತಮ್ಮಾ, ಯಾವ ಊರಾಂವ ನೀ? ಹೇರಿದ ಗಾಡಿ ಏರಿನ ಬುಡಕ ನಿಂದರಸ್ತಾರೇನು? ಅದರ ಜೀವ ಹೊಂಟಿದ್ದು ಇಲ್ಲೀತನಾ ಕೇಳ್ತು."

"ಸ್ಟಾಪ್ ಅಲ್ಲೇ ಅದಲ್ಲವ್ವಾ," ಎಂದೆ.

"ಸ್ಟಾಪ್ ಅಲ್ಲಿ ಅದ. ನಾವ್ ಇಲ್ಲಿ ಅದೇವಿ. ಮಸ್ತಾನಣ್ಣ ಎಲ್ಲಿ?"

ಅವರೆಲ್ಲ ಹತ್ತಿದರು. ಎಷ್ಟು ಜಲ್ದಿ ಹತ್ತಿದರೆಂದರೆ ನನಗೆ ನಂಬಿಕೆಯಾಗಲಿಲ್ಲ. ದೊಡ್ಡ ಗಂಟಿನವರು ಮೊದಲು, ಮಕ್ಕಳು ಆಮೇಲೆ, ಟಿಕೆಟ್ಟಿಗೆ ಚಿಲ್ಲರೆ ಎಲ್ಲರ ಅಂಗೈಯಲ್ಲೇ ಇತ್ತು. ಸುಭದ್ರಾಬಾಯಿ ನನ್ನ ಹಿಂದಿನ ಸೀಟಿನಲ್ಲಿ ಕೂತಳು, ಬೀದರ ಮುಟ್ಟುವವರೆಗೆ ನಾನು ಕೇಳಿದೆ, ಅವಳು ಹೇಳಿದಳು.

"ಮೊದಲು ನಾವೂ ಕೆಳಗ ಕಂಬದ ಕಡೀಗೇ ನಿಂದರ್ತಿದ್ದೇವ್ರಿ. ತುಂಬಿದ ಗಾಡಿ ಬುಡಕ ನಿಂದರಸಿದ್ರ ಏರಂಗಿಲ್ಲಂತ ಡ್ರೈವರ್ರು ನಿಲ್ಲಸ್ಲಾರ್ದೇ ಹೋಗ್ತಿದ್ರು. ಕೈ ಮಾಡಿ ಮಾಡಿ ಸಾಕಾಗಿತ್ತು. ನಮ್ಮ ಮನಿಯಾಗ ಎತ್ತಿನ ಗಾಡಿ ಇತ್ರಿ. ಹೇರಿದ ಗಾಡಿ ಏರಿನ ಬುಡಕ ಯಾರೂ ನಿಂದರಸಂಗಿಲ್ಲ, ಎತ್ತಿನ ಹೆಗಲು ಕಿತ್ತು ಬರ್ತದ. ಓಡ್ಕೋತ ಬಂದ ಜೋರಿನ್ಯಾಗೇ ಏರಸಬೇಕು. ಒಂದಿನಾ ಮಸ್ತಾನಣ್ಣಗ ಅಂದೆ, ಅಣ್ಣಾ, ನಾವೇ ಏರು ಹತ್ತಿ ಮ್ಯಾಲ ನಿಂದರ್ತೇವಿ, ನೀ ಖಾಯಂ ನಿಲ್ಲಸ್ತೀ? ಸ್ಟೇರಿಂಗ್ ಮ್ಯಾಲ ಕೈ ಇಟ್ಟು, ನಿಲ್ಲಸ್ತೇನಿ ಅಕ್ಕಾ ಅಂದ. ಅವತ್ತಿಂದ ಒಂದಿನಾನೂ ಬಿಟ್ಟಿಲ್ಲ."

"ಹತ್ತಲಾರದವರು? ಕಾಲಿಲ್ಲದವರು, ಬಸರಿ ಹೆಣ್ಣಮಕ್ಕಳು?"

"ಅಂಥಾವ್ರು ಇದ್ದ ದಿನ ಕೆಳಗ ಕಂಬಕ್ಕ ಒಂದು ಅರಿವಿ ಕಟ್ತೇವ್ರಿ. ದೂರದಿಂದ ಕಾಣ್ತದ. ಆ ದಿನ ಅಣ್ಣ ಕೆಳಗೇ ನಿಲ್ಲಸ್ತಾನ."

ಈಗ ಕಂಡಕ್ಟರನೂ ಬಾಯಿ ಬಿಟ್ಟ. ಇದು ಈ ಒಂದು ಊರಿನ ಕತೆಯಲ್ಲ. ಸುಭದ್ರಾಬಾಯಿಯಿಂದ ಕಲಿತ ಮೇಲೆ ಮಸ್ತಾನ್ ಭಾಯ್ ಪ್ರತಿ ಊರಿನಲ್ಲೂ ಇಳಿದು ಕೈಮುಗಿದು ಕೇಳಿಕೊಂಡಿದ್ದರು. ಒಂದು ಕಡೆ ಜನ ರಸ್ತೆಯ ಉಬ್ಬಿನ ಹತ್ತಿರ ನಿಲ್ಲುತ್ತಿದ್ದರು, ಹೇಗೂ ಅಲ್ಲಿ ಗಾಡಿ ನಿಧಾನವಾಗಲೇಬೇಕು. ಇನ್ನೊಂದು ಕಡೆ ಕೂಗಳತೆಯಲ್ಲಿದ್ದ ಎರಡು ಓಣಿಯವರು ತಮ್ಮ ಹಳೆಯ ಜಗಳ ಬಿಟ್ಟು ಒಂದೇ ಬೇವಿನ ಮರದ ಕೆಳಗೆ ಕೂಡಿ ನಿಲ್ಲುತ್ತಿದ್ದರು. ಔರಾದದಿಂದ ಬೀದರದವರೆಗೆ ಆ ದಾರಿಯ ಜನರೆಲ್ಲ ಸದ್ದಿಲ್ಲದೆ ಒಂದು ಬಸ್ಸಿಗಾಗಿ ನಾಲ್ಕು ಹೆಜ್ಜೆ ಹೆಚ್ಚು ನಡೆದಿದ್ದರು. ಹಲಗೆಯ ಮೇಲಿನ ಅಂಕಿ ಅವರ ನಡಿಗೆಯ ಅಂಕಿಯಾಗಿತ್ತು. ನಾನು ಇಡೀ ಆಯುಷ್ಯ ಡ್ರೈವರನ ಪಾದವನ್ನೇ ನೋಡುತ್ತ ಬಂದವನು. ಎಂಥ ದೊಡ್ಡ ಸಂಗತಿಯ ಪಕ್ಕದಲ್ಲಿ ಕುರುಡನಂತೆ ಓಡಾಡಿದೆನಲ್ಲ ಎಂದು ಕಣ್ಣು ಮಂಜಾಯಿತು. ಕಣ್ಣೊರೆಸಿಕೊಳ್ಳಲು ಸ್ಟೇರಿಂಗ್ ಬಿಡುವ ಹಾಗಿರಲಿಲ್ಲ.

ಡಿಪೋಕ್ಕೆ ಬಂದು ನೇರ ಬಸ್ ತೊಳೆಯುವ ಕಡೆ ಹೋದೆ. ಮಸ್ತಾನ್ ಭಾಯ್ ಪೈಪು ಬಂದ್ ಮಾಡಿದರು.

"ಭಾಯ್, ನನ್ನದು ತಪ್ಪಾಗೇದ. ಯಾಕ ಹೇಳ್ಲಿಲ್ಲ ನೀವು?"

"ಹ್ಯಾಂಗ್ ಹೇಳ್ಲಿ ಮಾಸ್ತರ್ರ? ಕಂಬ ಬಿಟ್ಟು ಬ್ಯಾರೇ ಕಡೆ ನಿಲ್ಲಸೋದೂ ತಪ್ಪೇ ಅಲ್ಲೇನು? ಕಂಡಕ್ಟರ್ ಹುಡುಗನ ನೌಕರಿಗೂ ಕಲ್ಲ ಬೀಳ್ತಿತ್ತು. ಅದೂ ಹೋಗ್ಲಿ. ಇನ್ಮ್ಯಾಲ ಕಂಬದ ಕಡೇ ನಿಲ್ಲಸ್ರಿ ಅಂತ ಹುಕುಂ ಬಂದ್ರ, ಡ್ರೈವರ್ರು ಮತ್ತ ಮೊದಲಿನಂಗ ನಿಲ್ಲಸ್ಲಾರ್ದೇ ಹೋಗ್ತಾರ. ಆ ಹೆಣ್ಣಮಕ್ಕಳ ಗತಿ ಏನು? ನನ್ದು ಮೂರು ತಿಂಗಳು ಅದ. ಅವರ್ದು ಜಿಂದಗಿ ಅದ."

ನನ್ನ ಮುಂದೆ ಈಗ ಇಕ್ಕಟ್ಟು. ನಿಜ ಹೇಳದಿದ್ದರೆ ಈ ಮನುಷ್ಯ ಮಾಡದ ತಪ್ಪಿಗೆ ಪೈಪು ಹಿಡಿದೇ ಮನೆಗೆ ಹೋಗುತ್ತಾರೆ. ಹೇಳಿದರೆ ಮಾಡಿದ ತಪ್ಪೊಂದು ಹೊರಬಿದ್ದು, ಆ ಊರಿನವರ ಬಸ್ಸೇ ತಪ್ಪಬಹುದು. ಯೋಚಿಸಿ ಯೋಚಿಸಿ, ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ನಾನು ಬರೆದ ಸಾಲು ಸುಳ್ಳು ಎಂಬುದನ್ನು ಮೊದಲು ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ನಾಳಿ ಮಸ್ತಾನ್ ಸಾಬ್ ಓಡಸ್ಲಿ. ಬಾಟ್ಲಿ ಕಟ್ರಿ. ನಾನೂ ಬರ್ತೇನಿ. ಮಾತು ಸಾಕು, ನನಗ ಕಣ್ಣಿಲೆ ನೋಡಬೇಕು. ಆಮ್ಯಾಲ ಸ್ಟಾಪಿಂದು ಏನಂತ ಹೇಳ್ತೇನಿ."

ಮರುದಿನ ಮುಂಜಾನೆ ಔರಾದದಿಂದ ಹೊರಟಾಗ ಮೇಡಂ ಎಂಜಿನ್ನಿನ ಪಕ್ಕದ ಸೀಟಿನಲ್ಲಿ, ನಾನು ಡಬ್ಬಿಯ ಹತ್ತಿರ. ಮಸ್ತಾನ್ ಭಾಯ್ ಚಪ್ಪಲಿ ಬದಿಗಿಟ್ಟು, ಸ್ಟೇರಿಂಗನ್ನು ಒಮ್ಮೆ ಅಂಗೈಯಿಂದ ಸವರಿ ಗಾಡಿ ತೆಗೆದರು. ಆ ಊರಿನ ಇಳಿಜಾರು ಶುರುವಾಯಿತು. ಅವರು ಮೊದಲು ದೂರದ ಕಂಬ ನೋಡಿದರು. ಅದಕ್ಕೆ ಬಟ್ಟೆ ಕಟ್ಟಿರಲಿಲ್ಲ. ಗೇರು ಹಾಗೇ ಇಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದರು. ಡಬ್ಬಿಯಲ್ಲಿ ಡೀಸೆಲ್ ನಿಂತಿತು.

"ನಿಂತದ!" ಅಂದರು ಮೇಡಂ.

ಸೇತುವೆ ಬಂತು, ಹೋಯಿತು. ಡೀಸೆಲ್ ನಿಂತೇ ಇತ್ತು. ಏರು ಶುರುವಾಯಿತು, ಇನ್ನೂ ನಿಂತೇ ಇತ್ತು. ತುಂಬಿದ ಬಸ್ಸು ತನ್ನ ಹಿಂದಿನ ಓಟದ ಮೇಲೆಯೇ ಮೇಲಕ್ಕೆ ತೇಲುತ್ತಿತ್ತು. ಮೇಡಂ ಡಬ್ಬಿಯ ಕಡೆ ಬಾಗಿದ್ದರು. ಓಟ ಕುಗ್ಗತೊಡಗಿದ ಹೊತ್ತಿಗೆ ಸರಿಯಾಗಿ ಮಸ್ತಾನ್ ಭಾಯ್ ಕಾಲ್ಬೆರಳ ತುದಿಯಿಂದಷ್ಟೇ ಆಕ್ಸಿಲರೇಟರ್ ಒತ್ತಿದರು. ಒಂದು ಗೆರೆ ಇಳಿಯಿತು, ತುದಿ ಬಂತು, ಬ್ರೇಕೇ ಬೇಡವೆಂಬಂತೆ ಬಸ್ಸು ಜನರ ಮುಂದೆ ತಾನೇ ನಿಂತಿತು. ಎಷ್ಟೋ ಡ್ರೈವರುಗಳನ್ನು ನಾನು ನೋಡಿದ್ದೇನೆ, ಅಂಥದ್ದನ್ನು ಮತ್ತೆ ನೋಡಿಲ್ಲ.

ಸ್ಟೇರಿಂಗ್ ಹಿಂದೆ ಯಾರಿದ್ದಾರೆ ಎಂದು ಕಂಡ ಕೂಡಲೇ ಸಾಲಿನಲ್ಲಿ ಗದ್ದಲವೆದ್ದಿತು. ಸುಭದ್ರಾಬಾಯಿ ಗಂಟನ್ನು ನೆಲಕ್ಕಿಟ್ಟು ಡ್ರೈವರ್ ಕಿಟಕಿಯ ಕಡೆ ಬಂದಳು.

"ಹನ್ನೊಂದು ದಿನಾ ಆಯ್ತಲ್ಲೋ ಅಣ್ಣಾ. ಎಲ್ಲಿ ಹೋಗಿದ್ದಿ?"

"ಡಿಪೋದಾಗೇ ಇದ್ದೆ ಅಕ್ಕಾ. ಜರಾ ಬ್ಯಾರೇ ಕೆಲ್ಸ ಇತ್ತು. ನೀವು ಹ್ಯಾಂಗ್ ಹೋಗಿ ಬಂದ್ರಿ?"

"ಎಲ್ಲಿ ಹೋಗೋದು? ಮೂರು ದಿನಾ ಗಾಡಿ ನಿಂತು. ಉಳಿದ ದಿನಾ ಕೆಳಗ ಕಂಬದ ಕಡೆ ಯಾರೂ ಇಲ್ಲಂತ ಜೋರಿಲೆ ಬಂದು, ಇಲ್ಲಿ ನಾವು ಕೈ ಮಾಡಿದ್ರೂ ಇದು ಸ್ಟಾಪ್ ಅಲ್ಲಂತ ಹೋಗೇಬಿಟ್ವು. ಪಲ್ಯ ಬಾಡ್ತು. ಹೊತ್ಗೊಂಡು ತಿರುಗಿ ಮನಿಗಿ ಹೋದೇವು."

ಮೇಡಂ ಕಿಟಕಿಯ ಕಡೆ ಬಾಗಿದರು. "ಅಮ್ಮಾ, ಮಸ್ತಾನ್ ಸಾಬ್ ಬರ್ಲಾರದ ದಿನಾ ನೀವು ಕೆಳಗ ಕಂಬದ ಕಡೆ ನಿಂದರಬೇಕಿತ್ತಲ್ಲ?"

ಸುಭದ್ರಾಬಾಯಿ ಅವರನ್ನು ವಿಚಿತ್ರವಾಗಿ ನೋಡಿದಳು.

"ಅವ ಯಾವ ದಿನಾ ಬರ್ತಾನ ಅಂತ ನಮಗೇನ್ ಗೊತ್ರಿ? ಮ್ಯಾಲ ನಿಂದರ್ತೇವಿ ಅಂತ ಮಾತು ಕೊಟ್ಟೇವಿ. ಅವ ಜೋರಿಲೆ ಏರಿ ಬಂದು ಇಲ್ಲಿ ನಿಲ್ಲಸ್ದಾಗ ನಾವ್ ಇಲ್ಲಂದ್ರ ಹ್ಯಾಂಗ್ರೀ?"

ಮಸ್ತಾನ್ ಭಾಯ್ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ತಲೆ ಬಗ್ಗಿಸಿದ್ದರು. ನಾನು ಬರೆದ ಒಂದು ಸಾಲಿಗೆ ಈ ಜನ ಹನ್ನೊಂದು ದಿನ ಇಲ್ಲಿ ನಿಂತಿದ್ದರು, ಎಂಟು ದಿನ ಇಲ್ಲಿಂದಲೇ ಬರಿಗೈಯಲ್ಲಿ ಮರಳಿದ್ದರು.

ಮೇಡಂ ಎದ್ದು ಬಸ್ಸಿನಿಂದ ಇಳಿದರು. ತಿರುವಿನ ಕಡೆ ನಡೆದು, ಏರು ಇಳಿದು ಕಂಬದವರೆಗೆ ಹೋದರು. ಮಸ್ತಾನ್ ಭಾಯ್ ಎಂಜಿನ್ ಬಂದ್ ಮಾಡಿದರು. ಒಳಗಿದ್ದವರಲ್ಲಿ ಒಬ್ಬರೂ ತಡವಾಯಿತು ಎನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಮೇಡಂ ಏರು ಹತ್ತಿ ಬಂದರು, ಮುಖ ಕೆಂಪಾಗಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕಿಟಕಿಯ ಕೆಳಗೆ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡು ಸುಧಾರಿಸಿಕೊಂಡರು.

"ಮಸ್ತಾನ್ ಸಾಬ್, ಇವತ್ತಿಂದ ಸ್ಟಾಪ್ ಇಲ್ಲೇ. ಕಾಗದಪತ್ರ ನಾ ನೋಡ್ಕೋತೇನಿ. ಗಾಡಿ ನಿಮ್ಮದೇ, ತಗೀರಿ."

ಜನ ಹತ್ತತೊಡಗಿದರು, ದೊಡ್ಡ ಗಂಟಿನವರು ಮೊದಲು. ನಾನು ಕೆಳಗಿಳಿದು ಸುಭದ್ರಾಬಾಯಿಯ ಗಂಟಿಗೆ ಕೈ ಹಾಕಿದೆ. ಎತ್ತಲು ಹೋದಾಗ ನಡು ಹಿಡಿಯಿತು, ಎರಡನೆಯ ಸಲ ಮೊಣಕಾಲು ಬಗ್ಗಿಸಿ ಎತ್ತಬೇಕಾಯಿತು. ಅದು ಅಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.